ಮುಖ ಕೊಟ್ಟು ಮಾತಾಡು

ಜೀವಿತಾಳಿಗೆ ಹದಿಮೂರು ತುಂಬಿದ ಮೇಲೆ ಆ ಮನೆಯಲ್ಲಿ ಅವಳ ಹುಟ್ಟುಹಬ್ಬ ಮಾಡುವುದೇ ಕಷ್ಟವಾಯಿತು. ಹದಿನಾಲ್ಕಕ್ಕೆ ಅಪ್ಪ ತಂದ ಕೇಕನ್ನು ಅವಳು ಮುಟ್ಟಲಿಲ್ಲ. ಹದಿನೈದಕ್ಕೆ ಬೆಳಗ್ಗೆಯೇ ಜ್ವರವೆಂದು ಹೊದ್ದು ಮಲಗಿಬಿಟ್ಟಳು. ಭುಜದ ಹತ್ತಿರ ಬಿಗಿಯುತ್ತಿದ್ದ ಹಳೆಯ ಯೂನಿಫಾರ್ಮನ್ನೇ ಹಟ ಹಿಡಿದು ಹಾಕಿಕೊಳ್ಳುತ್ತಿದ್ದಳು. ಹತ್ತನೇ ತರಗತಿ ಆದ ಮೇಲೆ ಏನು ಓದುತ್ತೀ ಎಂದು ಯಾರಾದರೂ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಮೈನೆರೆದಾಗ ಅದನ್ನು ತಾಯಿಗೆ ಹೇಳದೆ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಳು. ಗೊತ್ತಿದ್ದದ್ದು ಗೆಳತಿ ಸುಮಯ್ಯಾಳಿಗೆ ಮಾತ್ರ.

"ನಿಮ್ಮ ಹುಡುಗಿಗೆ ದೊಡ್ಡವಳಾಗುವ ಮನಸ್ಸೇ ಇಲ್ಲ" ಎಂದು ಕೊಚ್ಚಿಯ ಕಲೂರಿನ ಆ ಅಪಾರ್ಟ್‌ಮೆಂಟಿನ ಹೆಂಗಸರು ನಗುತ್ತಿದ್ದರು. ಅವರು ತಮಾಷೆಗೆ ಹೇಳುತ್ತಿದ್ದರು. ಆದರೆ ಮಾತು ನಿಜವಾಗಿತ್ತು.

ಕಾರಣ ಅವಳ ತಾಯಿಯ ಕಿವಿ. ಅನಸೂಯಾ ಗದಗಿನ ಕಡೆಯವಳು. ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯ ಕೆಲಸದ ಮೇಲೆ ಕೊಚ್ಚಿಗೆ ವರ್ಗವಾಗಿ ಬಂದಾಗ ಜೀವಿತಾ ಇನ್ನೂ ಎರಡನೇ ತರಗತಿಯಲ್ಲಿದ್ದಳು. ಗಂಡ ಕಾಶೀನಾಥ ಬ್ಯಾಂಕಿನವನು. ಅವನೂ ಕೇಳಿಕೊಂಡು ಆಲುವದ ಶಾಖೆಗೆ ಬಂದ. ಅನಸೂಯಾಳ ಎರಡೂ ಕಿವಿಗಳಲ್ಲಿ ಯಂತ್ರಗಳಿದ್ದವು. ಅವುಗಳಿಂದ ಸದ್ದು ತಿಳಿಯುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಮಾತನ್ನು ಅವಳು ಎದುರಿನವರ ತುಟಿ ನೋಡಿ ತಿಳಿಯುತ್ತಿದ್ದಳು. ಅದೂ ಕನ್ನಡವಾದರೆ ಮಾತ್ರ. ಮಲಯಾಳಂ ಅವಳ ಕಣ್ಣಿಗೆ ದಕ್ಕಲೇ ಇಲ್ಲ. "ಈ ಮಂದಿ ಬಾಯಿ ತೆರಿಯೂದ ಇಲ್ಲವಾ, ಎಲ್ಲಾ ಗಂಟಲದಾಗ ಮುಗಿಸಿಬಿಡ್ತಾರ" ಎನ್ನುತ್ತಿದ್ದಳು. ಕಚೇರಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ, ಬರಹದಲ್ಲಿ ನಡೆಯುತ್ತಿದ್ದರಿಂದ ತೊಂದರೆಯಿರಲಿಲ್ಲ. ಹೊರಗಿನ ಲೋಕಕ್ಕೆ ಜೀವಿತಾಳೇ ಅವಳ ಬಾಯಿ, ಅವಳೇ ಕಿವಿ. ತರಕಾರಿ ಅಂಗಡಿ, ಆಟೊ, ಆಸ್ಪತ್ರೆ, ಗ್ಯಾಸಿನವನು, ಎಲ್ಲ ಕಡೆಯೂ, ಶಾಲೆಯಲ್ಲಿ ಆ ಭಾಷೆಯನ್ನು ಬೇಗ ಕಲಿತ ಏಳು ವರ್ಷದ ಹುಡುಗಿ ಮುಂದೆ ನಿಂತು ಮಲಯಾಳಂ ಕೇಳಿ, ತಾಯಿಯ ಕಡೆ ತಿರುಗಿ, ತುಟಿ ಬಿಡಿಸಿ ಕನ್ನಡ ಹೇಳುತ್ತಿದ್ದಳು. ಜೊತೆಯ ಕನ್ನಡದ ಮಕ್ಕಳು ಮನೆಯಲ್ಲೂ ಮಲಯಾಳಂನಲ್ಲೇ ಉತ್ತರಿಸುತ್ತಿದ್ದಾಗ ಜೀವಿತಾಳ ಕನ್ನಡ ಮಾತ್ರ ತೊಳೆದಿಟ್ಟಂತೆ ಇತ್ತು.

ಆ ಮನೆಗೆ ಅದರದೇ ಕಟ್ಟಳೆಗಳಿದ್ದವು. ತಾಯಿಯನ್ನು ಅಮ್ಮ ಎನ್ನುವಂತಿರಲಿಲ್ಲ, ಏಕೆಂದರೆ ಅಪ್ಪ ಎಂದರೂ ಅಮ್ಮ ಎಂದರೂ ತುಟಿಯ ಮೇಲೆ ಒಂದೇ. ಆದ್ದರಿಂದ ಅವಳು ಅವ್ವ. ಬೆಳಕಿಗೆ ಬೆನ್ನು ಹಾಕಿ ಮಾತಾಡಬಾರದು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು. ಎಂಥ ಸಿಟ್ಟು ಬಂದರೂ ಮುಖ ತಿರುಗಿಸಬಾರದು. ಜಗಳವಾಡುವುದಿದ್ದರೂ ಮುಖ ಕೊಟ್ಟೇ ಆಡಬೇಕು.

ತಾಯಿಯ ಕಿವಿ ಹುಟ್ಟಿನಿಂದಲೇ ಹಾಗೆ ಎಂದು ಜೀವಿತಾ ತಿಳಿದಿದ್ದಳು. ಹದಿಮೂರರ ಬೇಸಿಗೆ ರಜೆಯಲ್ಲಿ ಆ ತಿಳಿವಳಿಕೆ ಹೋಯಿತು. ಅವರೆಲ್ಲ ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ರಾಮದಾಸ ಮಾಮಾನ ಮನೆಗೆ ಹೋಗಿದ್ದರು. ಮಾಮಾ ಅನಸೂಯಾಳ ಅಣ್ಣ. ಅಲ್ಲಿನ ಗೆಡ್ಡೆಗೆಣಸಿನ ಸಂಶೋಧನಾ ಸಂಸ್ಥೆಯಲ್ಲಿ ನೌಕರಿ, ಅವನ ಕಿವಿಯಲ್ಲೂ ಯಂತ್ರ. ಊಟ ಮಾಡುತ್ತಾ ಅವನು ಯಾವುದೋ ಮಾತಿಗೆ ದೊಡ್ಡ ದನಿಯಲ್ಲಿ ಹೇಳಿದ: "ನನಗ ಹದಿನೇಳಕ್ಕ ಸುರು ಆತು. ಅನಸೂಯಾಗ ಹದಿನೆಂಟಕ್ಕ. ನಮ್ಮ ಮನಿತನದಾಗ ಮೀಸಿ ಬಂದಂಗ ಇದೂ ವಯಸ್ಸಿಗೆ ಬರತೈತಿ ನೋಡು." ಹೇಳಿ ನಕ್ಕ. ಅನಸೂಯಾ ಅವನನ್ನು ದಿಟ್ಟಿಸಿದಳು. ಅಷ್ಟರಲ್ಲಿ ಜೀವಿತಾಳ ಕೈಯ ತುತ್ತು ಕೈಯಲ್ಲೇ ನಿಂತಿತ್ತು.

ಅಂದಿನಿಂದ ವಯಸ್ಸು ಎಂಬುದು ಅವಳಿಗೆ ಹಿಂದಿನಿಂದ ಅಟ್ಟಿಸಿಕೊಂಡು ಬರುವ ಪ್ರಾಣಿಯಾಯಿತು. ಬಟ್ಟೆ ಚಿಕ್ಕದು ಹಾಕಿಕೊಂಡರೆ, ಕೇಕು ಕತ್ತರಿಸದಿದ್ದರೆ ವಯಸ್ಸು ನಿಲ್ಲುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ನಿಲ್ಲಿಸುವ ಕೆಲಸವನ್ನು ಬಿಡಲಾರದಾದಳು. ರಾತ್ರಿ ಮಲಗುವ ಮುಂಚೆ ಫ್ಯಾನಿನ ಸದ್ದು ನಿನ್ನೆಯಷ್ಟೇ ಇದೆಯೇ ಎಂದು ಆಲಿಸುತ್ತಿದ್ದಳು.

ಹತ್ತನೇ ತರಗತಿಯ ಜೂನ್ ತಿಂಗಳಲ್ಲಿ ಶಾಲೆಯಲ್ಲಿ ಎಲ್ಲರ ಕಣ್ಣು ಕಿವಿ ಪರೀಕ್ಷೆ ಮಾಡುತ್ತಾರೆಂದು ಸುದ್ದಿಯಾಯಿತು. ಆ ದಿನ ಜೀವಿತಾ ಹೊಟ್ಟೆನೋವೆಂದು ಮನೆಯಲ್ಲೇ ಉಳಿದಳು. ತಪ್ಪಿಸಿಕೊಂಡವರಿಗೆ ಇನ್ನೊಂದು ದಿನ ನಿಗದಿಯಾಯಿತು. ಆ ದಿನವೂ ಹೊಟ್ಟೆನೋವು ಬಂತು.

ಆದರೆ ಅವಳು ಸುಮ್ಮನೆ ಕೂತು ಅಳುವ ಹುಡುಗಿಯಲ್ಲ. ಕಿವಿ ಹೋಗುವುದನ್ನು ತಡೆಯಲಾಗದಿದ್ದರೆ, ಹೋಗುವುದರೊಳಗೆ ಮಲಯಾಳಂ ತುಟಿಗಳನ್ನು ಓದಲು ಕಲಿತುಬಿಡಬೇಕು ಎಂದು ನಿಶ್ಚಯಿಸಿದಳು. ಅವ್ವನಿಗೆ ಆಗದ್ದು ತನಗೆ ಆಗಬೇಕು. ಶಾಲೆ ಬಿಟ್ಟ ಮೇಲೆ ಆಲುವದಲ್ಲಿ ಟ್ಯೂಷನ್ ಇದೆ, ಬರುವಾಗ ಅಪ್ಪನ ಜೊತೆ ಬರುತ್ತೇನೆ ಎಂದು ಹೇಳಿ ಕಲೂರಿನಲ್ಲಿ ಮೆಟ್ರೊ ಹತ್ತುತ್ತಿದ್ದಳು. ಟ್ಯೂಷನ್ ಇದ್ದದ್ದು ನಿಜ, ವಾರಕ್ಕೆರಡು ದಿನ. ಉಳಿದ ದಿನಗಳಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು, ಎದುರು ಸೀಟಿನವರ ಬಾಯನ್ನು ನೋಡುತ್ತಾ ಕೂರುತ್ತಿದ್ದಳು. ಸುಮಯ್ಯಾ ಒಮ್ಮೆ ಜೊತೆಗೆ ಬಂದವಳು ಹತ್ತಿಯನ್ನು ನೋಡಿ ಬೆಚ್ಚಿದಳು.

"ಏನೇ, ನಿನಗೆ ಹುಚ್ಚು ಹಿಡಿದಿದೆಯಾ?"

"ಆ ಹಸಿರು ಸೀರೆಯವರು ಈಗ ಏನಂದರು, ಹೇಳು."

"ಗಂಡನಿಗೆ ಬೈಯುತ್ತಿದ್ದಾರೆ."

"ಏನಂತ? ಪದ ಹೇಳು. ನನಗೆ ಪದ ಬೇಕು."

ಸುಮಯ್ಯಾ ಪದ ಹೇಳಿದಳು. ಬಾಯಿ ಮುಚ್ಚಿಕೊಂಡು ನಕ್ಕಳು ಕೂಡ. ಜೀವಿತಾ ನಗಲಿಲ್ಲ. ಹಸಿರು ಸೀರೆಯವರ ತುಟಿಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿಸಿ ನೋಡುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ತಿಳಿಯತೊಡಗಿತು.

ಇದು ಹೊರಬಿದ್ದದ್ದು ಒಂದು ಭಾನುವಾರ. ಅನಸೂಯಾ ಮಗಳನ್ನು ನೆಲದ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕಿವಿಯ ಹಿಂದೆ ಬೆರಳಾಡಿಸುವಾಗ ಒಳಗೆ ಬಿಳಿಯದೇನೋ ಕಂಡಿತು. ಎಳೆದಳು. ಹತ್ತಿಯ ಎಳೆ ಬಂತು. ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಏನಿದು?"

"ಏನಿಲ್ಲವ್ವ."

"ಕಿವಿ ನೋಯಸತೈತೇನು? ಖರೆ ಹೇಳು."

ಕಿವಿಯ ವಿಷಯದಲ್ಲಿ ಆ ಹೆಂಗಸಿಗೆ ಸುಳ್ಳು ಹೇಳುವುದು ಸುಲಭವಲ್ಲ. ಜೀವಿತಾ ಮೆಟ್ರೊದ ಸಂಗತಿಯನ್ನೆಲ್ಲ ಹೇಳಿದಳು. ಅನಸೂಯಾ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಇದನ್ನ ಯಾಕ ಕಲಿಯಾಕತ್ತಿ ನೀ?"

"ಮುಂದ ಬೇಕಾಗತೈತಿ."

ಅನಸೂಯಾ ಮಗಳನ್ನು ನೋಡಿದಳು. ಎರಡು ಸಲದ ಹೊಟ್ಟೆನೋವು, ಮುಟ್ಟದ ಕೇಕು, ಬಿಗಿಯುವ ಯೂನಿಫಾರ್ಮು, ಒಂದೊಂದೇ ಅವಳ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡವು.

"ಅಂದ್ರ ಇದಕ್ಕ ನೀ ದೊಡ್ಡಾಕಿ ಆಗವಲ್ಲಿ" ಎಂದಳು. ದನಿ ತನ್ನ ಹಿಡಿತ ಮೀರಿ ಏರಿದ್ದು ಅವಳಿಗೆ ಗೊತ್ತಾಗಲಿಲ್ಲ. "ನನ್ನಂಗ ಆಗೂದಂದ್ರ ಅಷ್ಟು ಅಂಜಿಕಿ ಏನು ನಿನಗ? ಸಾಯೂದಕಿಂತ ಕೆಟ್ಟ ಏನು?"

ಜೀವಿತಾ ಆ ಮನೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಮುಖ ತಿರುಗಿಸಿದಳು. ಟೀವಿಯಿದ್ದ ಗೋಡೆಯ ಕಡೆ ನೋಡುತ್ತಾ, "ಹೌದು" ಅಂದಳು.

"ಏನಂದಿ?"

ತಿರುಗಿ, "ಏನೂ ಅನ್ನಲಿಲ್ಲ" ಎಂದಳು. ಅನಸೂಯಾ ಉಳಿದ ಎಣ್ಣೆ ಹಚ್ಚಿ, ಜಡೆ ಹೆಣೆದು, ಎದ್ದು ಹೋದಳು.

ಆ ವಾರದಿಂದ ಅನಸೂಯಾ ಮಗಳನ್ನು ಎಲ್ಲಿಗೂ ಕರೆಯಲಿಲ್ಲ. ಸಿಟ್ಟಿನ ಮಾತೇನೂ ಆಡಲಿಲ್ಲ. ಊಟ, ಡಬ್ಬಿ, ಇಸ್ತ್ರಿ ಎಲ್ಲ ಎಂದಿನಂತೆಯೇ ನಡೆಯಿತು. ಸಂಜೆ ಮಾತ್ರ ಚೀಲ ಹಿಡಿದು ಒಬ್ಬಳೇ ಇಳಿದು ಹೋಗುತ್ತಿದ್ದಳು. ಒಂದು ದಿನ ಜೀವಿತಾಳಿಗೆ ತಡೆಯಲಾಗಲಿಲ್ಲ. ಹಿಂದೆಯೇ ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರದ ತರಕಾರಿ ಅಂಗಡಿಯ ಆಚೆ ಹಣ್ಣಿನ ಗಾಡಿಯ ಮರೆಯಲ್ಲಿ ನಿಂತಳು.

ಅಂಗಡಿಯವನು ತೂಕ ಮಾಡುತ್ತಾ ತಲೆ ತಗ್ಗಿಸಿ ಏನೋ ಕೇಳಿದ. ಅನಸೂಯಾ ಕಟ್ಟೆಯ ಮೇಲೆ ಬೆರಳಿನಿಂದ ತಟ್ಟಿ, ತನ್ನ ಕಿವಿ ತೋರಿಸಿ, ಮುಖವೆತ್ತಿ ಹೇಳು ಎಂದು ಕೈಸನ್ನೆ ಮಾಡಿದಳು. ಅವನು ಹೇಳಿದ. ತಿಳಿಯಲಿಲ್ಲ. ಇನ್ನೊಮ್ಮೆ ಎಂದಳು. ಹಿಂದೆ ನಿಂತವರು ಗೊಣಗಿದರು. ಒಬ್ಬ ನಕ್ಕ. ಜೀವಿತಾಳ ಕಾಲು ತಾನಾಗಿ ಮುಂದಾಯಿತು. ಹೋಗಿ ನಡುವೆ ನಿಂತು ಹೇಳಿಬಿಡಬೇಕು, ಮೂರು ಪದಗಳಲ್ಲಿ ಮುಗಿಯುವ ಮಾತದು. ಆದರೆ ಅನಸೂಯಾಳ ಮುಖ ನೋಡಿ ನಿಂತುಬಿಟ್ಟಳು. ಆ ಮುಖದಲ್ಲಿ ಅವಳು ಅಂದುಕೊಂಡಿದ್ದ ಯಾವುದೂ ಇರಲಿಲ್ಲ. ಬಸ್ಸಿನ ಹೊತ್ತಾದರೂ ತನ್ನ ಕೆಲಸ ಮುಗಿಯುವವರೆಗೆ ಕೌಂಟರ್ ಬಿಡದ ಹೆಂಗಸಿನ ಮುಖ ಅದು. ಅಂಗಡಿಯವನು ಕೊನೆಗೆ ಎರಡು ಬಗೆಯ ಬದನೆಯನ್ನೂ ಎತ್ತಿ ಹಿಡಿದ. ಅನಸೂಯಾ ಒಂದನ್ನು ತೋರಿಸಿದಳು. ಅಷ್ಟೇ. ಚೀಲ ಹೆಗಲಿಗೇರಿಸಿ, ಗೊಣಗಿದವರ ಮುಂದೆಯೇ ನಿಧಾನವಾಗಿ ನಡೆದು ಹೋದಳು.

ಕೆನ್ನೆ ಬಿಸಿಯಾಗಿದ್ದದ್ದು ಜೀವಿತಾಳಿಗೆ. ಇಷ್ಟು ವರ್ಷ ತಾನು ಓಡಿ ಹೋಗಿ ನಡುವೆ ನಿಂತದ್ದು ಅವ್ವನ ಸಲುವಾಗಿಯೋ, ತನ್ನ ನಾಚಿಕೆಯ ಸಲುವಾಗಿಯೋ ಎಂದು ಹಣ್ಣಿನ ಗಾಡಿಯ ಪಕ್ಕ ನಿಂತು ಯೋಚಿಸಿದಳು. ಉತ್ತರ ಹಿತವಾಗಿರಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಮಾಮಾನಿಗೆ ಮೆಸೇಜ್ ಹಾಕಿದಳು: ನನ್ನ ಕಿವಿ ತೋರಿಸಬೇಕು, ನಿನ್ನ ಡಾಕ್ಟರ ಹತ್ತಿರ.

"ಬಾ. ಆದ್ರ ಸುಳ್ಳು ಹೇಳಿ ಬರಬ್ಯಾಡ" ಎಂದು ಉತ್ತರ ಬಂತು.

ಅಪ್ಪನಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಕಾಶೀನಾಥ ಗಾಬರಿಯಾದ. "ನಾ ರಜಾ ಹಾಕ್ತೀನಿ, ಇಬ್ಬರೂ ಹೋಗೂಣು."

"ಬ್ಯಾಡಪ್ಪ. ನೀ ಬಂದ್ರ ಅಲ್ಲಿ ನಾ ನಿನ್ನ ಮಾರಿ ನೋಡ್ಕೋತ ಕೂಡ್ತೀನಿ. ಒಬ್ಬಾಕಿನ ಹೋಗ್ತೀನಿ."

ತಾಯಿಯ ಮುಂದೆ ಬಂದು, "ಮಾಮಾನ ಮನಿಗೆ ಹೋಗಿ ಬರ್ತೀನಿ" ಎಂದಳು. ಅನಸೂಯಾ ಅವಳ ತುಟಿಯನ್ನಲ್ಲ, ಕಣ್ಣನ್ನು ನೋಡಿ, "ಹೋಗಿ ಬಾ" ಎಂದಳು. ಡಬ್ಬಿಗೆ ಚಪಾತಿ ಕಟ್ಟಿಕೊಟ್ಟಳು.

ಶನಿವಾರ ಬೆಳಗಿನ ರೈಲಿಗೆ ಕಾಶೀನಾಥ ಮಗಳನ್ನು ಹತ್ತಿಸಿ, ಕಿಟಕಿಯ ಪಕ್ಕದಲ್ಲೇ ಬೋಗಿಯ ಜೊತೆ ಸ್ವಲ್ಪ ದೂರ ನಡೆದ. ಜೀವಿತಾ ಒಬ್ಬಳೇ ರೈಲು ಹತ್ತಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಎದ್ದು ಇಳಿದುಬಿಡಬೇಕೆನಿಸಿತು. ಕೊಲ್ಲಂ ಬಂದಾಗ ಬಾಗಿಲವರೆಗೂ ಹೋದಳು. ಹೋಗಿ, ನೀರಿನ ಬಾಟಲಿ ಕೊಂಡು, ಮರಳಿ ಬಂದು ಕೂತಳು.

ಮಾಮಾ ಸ್ಟೇಷನ್ನಿಗೆ ಬಂದಿದ್ದ. ಆಟೊದ ಗದ್ದಲದಲ್ಲಿ ಅವನಿಗೂ ಮಾತು ತಿಳಿಯುವಂತಿರಲಿಲ್ಲ. ಮಾತನ್ನೆಲ್ಲ ಮನೆಗೇ ಇಟ್ಟುಕೊಂಡರು. ಮಾಮಾನ ಹೆಂಡತಿ ಶಾಂತಾ ಅತ್ತಿ ಬೇಯಿಸಿದ ಮರಗೆಣಸಿಗೆ ಶೇಂಗಾ ಚಟ್ನಿಪುಡಿ ಉದುರಿಸಿ ತಂದಿಟ್ಟಳು. ಅದು ಆ ಮನೆಯ ತಿಂಡಿ. ಕೇರಳದವರೂ ಒಪ್ಪುತ್ತಿರಲಿಲ್ಲ, ಗದಗಿನವರೂ ಒಪ್ಪುತ್ತಿರಲಿಲ್ಲ.

"ಮಾಮಾ, ಸುರು ಆದಾಗ ನಿನಗ ಹೆಂಗ ಗೊತ್ತಾತು?" ಜೀವಿತಾ ಕೇಳಿದಳು.

"ಗೊತ್ತಾತು ಅಂತ ಒಪ್ಪಿಕೊಂಡಿದ್ದ ನಾಕು ವರ್ಷಕ್ಕ" ಎಂದು ಮಾಮಾ ನಕ್ಕ. "ಅಲ್ಲೀತನಕಾ ಯಾರು ಏನ ಅಂದ್ರೂ ಗೋಣು ಹಾಕತಿದ್ದೆ. ನೌಕರಿ ಸೇರಿದ ಹೊಸದಾಗ ಸಾಹೇಬ್ರು ಏನೋ ಕೇಳಿದ್ರು. ಹೂಂ ಅಂದೆ. ಮುಂದಿನ ವಾರ ಆರ್ಡರ್ ಬಂತು, ತಿರುವನಂತಪುರಕ್ಕ. ಎಲ್ಲೆಯರ ಧಾರವಾಡದ ಹತ್ರ ಹೋಗ್ತೀಯೇನು ಅಂತ ಕೇಳಿದ್ರು ಅಂದ್ಕೊಂಡಿದ್ದೆ ನಾ!"

ಶಾಂತಾ ಅತ್ತಿ ಒಳಗಿನಿಂದಲೇ ನಕ್ಕಳು. ಜೀವಿತಾಳಿಗೂ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

"ಮತ್ತ ಅಂಜಿಕಿ?"

ಮಾಮಾ ಈ ಸಲ ನಗಲಿಲ್ಲ. "ಇತ್ತು. ಇನ್ನೂ ಐತಿ. ಪ್ರತಿ ಸಲ ತೋರ್ಸಾಕ ಹೋದಾಗ ಕೈ ತಣ್ಣಗಾಗತಾವ. ಆದ್ರೂ ಹೋಗ್ತೀನಿ. ನಡಿ, ನಿಶಾ ಮೇಡಂ ಕಾಯಾಕತ್ತಾರ."

ಮಾಮಾನ ಕಿವಿಯ ಡಾಕ್ಟರಾದ ನಿಶಾ ಮೇಡಂ ನಡುವಯಸ್ಸಿನ ಮಲಯಾಳಿ ಹೆಂಗಸು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಜೀವಿತಾಳನ್ನು ದಪ್ಪ ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೊಂದು ಗುಂಡಿ ಕೊಟ್ಟಳು. ಸದ್ದು ಕೇಳಿದ ಕೂಡಲೇ ಒತ್ತಬೇಕು, ಎಷ್ಟು ಸಣ್ಣ ಸದ್ದಾದರೂ ಸರಿ. ಬಾಗಿಲು ಮುಚ್ಚಿತು. ಗಾಜಿನ ಆಚೆ ಮೇಡಂ ಯಂತ್ರದ ಮುಂದೆ ಕೂತಳು.

ಮೊದಲು ಎಡಗಿವಿ. ಸದ್ದುಗಳು ಬಂದವು, ಒತ್ತಿದಳು. ಸಣ್ಣಗಾದವು, ಒತ್ತಿದಳು. ಬಲಗಿವಿಗೆ ಬಂದಾಗ ದಪ್ಪ ಸದ್ದುಗಳೆಲ್ಲ ಸರಿಯಾಗಿಯೇ ಇದ್ದವು. ಸಿಳ್ಳೆಯಂಥ ಸಣ್ಣ ದನಿಗಳು ಸುರುವಾದಾಗ ಮಾತ್ರ ನಡುನಡುವೆ ಖಾಲಿ ಬಿಡತೊಡಗಿದವು.

ಆಗಲೇ ಅವಳಿಗೆ ಒಂದು ಸಂಗತಿ ಕಂಡಿತು. ಸದ್ದು ಕಳಿಸುವ ಪ್ರತಿ ಸಲವೂ ಮೇಡಂಳ ಗಲ್ಲ ಕೂದಲೆಳೆಯಷ್ಟು ಕೆಳಗೆ ಹೋಗುತ್ತಿತ್ತು, ಕಣ್ಣು ಮೇಲೆ ಬರುತ್ತಿತ್ತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ತಿಂಗಳುಗಟ್ಟಲೆ ಮೆಟ್ರೊದಲ್ಲಿ ಮುಖಗಳನ್ನು ಓದಿದವಳಿಗೆ ಕಾಣಿಸಿತು. ಗಲ್ಲ ಇಳಿಯಿತು. ಕಿವಿಯಲ್ಲಿ ಏನೂ ಇರಲಿಲ್ಲ. ಬೆರಳು ಗುಂಡಿಯ ಮೇಲೆ ಬಿಗಿಯಾಯಿತು. ಒತ್ತಿದರೆ ಮುಗಿಯಿತು. ಎಲ್ಲ ಸರಿ ಇದೆ ಎಂದು ಬರೆದುಕೊಡುತ್ತಾರೆ. ಅವ್ವನಿಗೆ ತೋರಿಸಬಹುದು. ಇನ್ನೊಂದಿಷ್ಟು ದಿನ ಚಿಕ್ಕವಳಾಗಿಯೇ ಇರಬಹುದು.

ಗಲ್ಲ ಮತ್ತೆ ಇಳಿಯಿತು. ಮೇಡಂ ಅವಳನ್ನೇ ನೋಡುತ್ತಿದ್ದಳು.

ಜೀವಿತಾ ಕಣ್ಣು ಮುಚ್ಚಿಕೊಂಡಳು.

ಕತ್ತಲಲ್ಲಿ ಮೊದಲು ತನ್ನ ಎದೆಬಡಿತ ಮಾತ್ರ ಕೇಳಿಸಿತು. ಅದು ನಿಲ್ಲುವಂತಿರಲಿಲ್ಲ. ಅದರ ಆಚೆ ಕಿವಿಯಿಟ್ಟು ಕಾದಳು. ಏನೋ ಬಂದಂತಾಯಿತು. ನಿಜವಾಗಿ ಬಂತೇ, ತಾನು ಬಯಸಿದ್ದಕ್ಕೆ ಬಂತೇ? ಖಾತ್ರಿಯಿಲ್ಲದಿದ್ದರೆ ಒತ್ತಬಾರದು ಎಂದುಕೊಂಡು ಹಲ್ಲು ಕಚ್ಚಿ ಕೂತಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಸಿಳ್ಳೆ, ಖಾತ್ರಿಯಾಗಿ. ಒತ್ತಿದಳು. ಬಾಗಿಲು ತೆರೆದು ಮೇಡಂ ಭುಜ ಮುಟ್ಟುವವರೆಗೂ ಅವಳು ಕಣ್ಣು ತೆರೆಯಲಿಲ್ಲ.

ಎಡಗಿವಿ ಚೆನ್ನಾಗಿದೆ, ಬಲಗಿವಿಗೆ ಎತ್ತರದ ದನಿಗಳು ಕೇಳಿಸುವುದು ಇಳಿಯತೊಡಗಿದೆ ಎಂದು ಮೇಡಂ ಮಲಯಾಳಂನಲ್ಲಿ, ಅವಸರವಿಲ್ಲದೆ ಹೇಳಿದಳು. ಎಷ್ಟು ಬೇಗ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಈಗ ಹೇಳಲಾಗದು. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

"ನೀನು ಚಿಕ್ಕ ಹುಡುಗಿ, ಧೈರ್ಯ ಮಾಡಿ ಬಂದಿದ್ದೀ" ಎಂದೂ ಹೇಳಿದಳು.

"ಬರುವ ತಿಂಗಳು ನನಗೆ ಹದಿನಾರು" ಎಂದಳು ಜೀವಿತಾ. ತನ್ನ ವಯಸ್ಸನ್ನು ತಾನಾಗಿ ಹೇಳಿದ್ದು ಅವಳಿಗೇ ಸೋಜಿಗವೆನಿಸಿತು. ಹೊರಗೆ ಬಂದು ಮಾಮಾನ ತೋಳಿಗೆ ಮುಖ ಒತ್ತಿಕೊಂಡು ಅತ್ತಳು. ಮಾಮಾ ಅಳಬೇಡ ಎನ್ನಲಿಲ್ಲ. ಕೊಡೆ ಬಿಚ್ಚಿ ಬಿಸಿಲಿಗೆ ಹಿಡಿದು ನಿಂತ.

ಮರುದಿನ ಮಧ್ಯಾಹ್ನ ಅವಳು ಮನೆಗೆ ಬಂದಾಗ ಅನಸೂಯಾ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಜೀವಿತಾ ಚೀಲವನ್ನೂ ಇಳಿಸದೆ ಹೋಗಿ, ಬೆಳಕು ತನ್ನ ಮುಖಕ್ಕೆ ಬೀಳುವಂತೆ ಎದುರು ಕೂತಳು. ಕೋಣೆ, ಗುಂಡಿ, ಎಡಗಿವಿ, ಬಲಗಿವಿ ಎಲ್ಲವನ್ನೂ ಹೇಳಿದಳು. ಒಂದು ಪದವನ್ನೂ ನುಂಗಲಿಲ್ಲ. ಅನಸೂಯಾಳ ಕೈಯಲ್ಲಿದ್ದ ಟವೆಲು ಹಾಗೆಯೇ ತೊಡೆಯ ಮೇಲಿತ್ತು.

"ಇನ್ನೊಂದು ಐತಿ" ಎಂದಳು ಜೀವಿತಾ. "ಅವತ್ತ ನೀ ಕೇಳಿದ್ಯಲ್ಲ, ನನ್ನಂಗ ಆಗೂದಕ್ಕ ಅಷ್ಟು ಅಂಜಿಕಿ ಏನು ಅಂತ. ನಾ ಗ್ವಾಡಿ ಕಡೆ ತಿರುಗಿ ಹೌದು ಅಂದೆ."

"ಗೊತ್ತೈತಿ."

"ಹೆಂಗ?"

"ಟೀವಿ ಬಂದ್ ಇತ್ತಲ್ಲ. ಕರೇ ಗಾಜಿನ್ಯಾಗ ನಿನ್ನ ಮಾರಿ ಕಂಡಿತ್ತು."

ಇಷ್ಟು ದಿನ ಅವ್ವ ಅದನ್ನು ಒಳಗಿಟ್ಟುಕೊಂಡು ಚಪಾತಿ ಕಟ್ಟಿಕೊಟ್ಟಿದ್ದಳು.

"ಸಿಟ್ಟು ಬಂದಿತ್ತು" ಅನಸೂಯಾ ಹೇಳಿದಳು. "ಆಮ್ಯಾಲ ಅನಿಸ್ತು, ಈ ಹುಡುಗಿಗೆ ನಾ ಏನು ತೋರ್ಸೀನಿ? ಹೋದಲ್ಲೆಲ್ಲಾ ನಿನ್ನ ಮುಂದ ಮಾಡೀನಿ. ಕಿವಿ ಹ್ವಾದಾಕಿ ಅಂದ್ರ ಯಾವಾಗಲೂ ಹಿಂದ ನಿಂದರತಾಳ ಅಂತ ನೀ ತಿಳಕೊಂಡ್ರ ತಪ್ಪು ನಿಂದಲ್ಲ. ಅಂಜಬ್ಯಾಡ ಅನ್ನಂಗಿಲ್ಲ ನಾ. ನನಗೂ ನೀ ಹುಟ್ಟಿದಾಗಿಂದ ಐತಿ ಈ ಅಂಜಿಕಿ. ಆದ್ರ ದೊಡ್ಡಾಕಿ ಆಗೂದು ನಿಲ್ಲಸಬ್ಯಾಡವಾ. ನಾ ಕಿವಿ ಹ್ವಾದ ಮ್ಯಾಲೇ ಡಿಗ್ರಿ ಮುಗಿಸಿದೆ, ನೌಕರಿ ಹಿಡದೆ, ನಿಮ್ಮಪ್ಪನ ಜೋಡಿ ಜಗಳಾಡಿ ಅವನ್ನ ಮದುವಿ ಆದೆ, ನಿನ್ನ ಹಡದೆ."

ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಲಗಿವಿಯನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಕಣ್ಣೊರೆಸಿಕೊಂಡು ಕಚೇರಿಯ ದನಿಯಲ್ಲಿ ಕೇಳಿದಳು: "ಈ ಮಂದಿ ಬಾಯಿ ಓದಾಕ ಎಷ್ಟು ಬಂತು ನಿನಗ?"

"ಅರ್ಧಾ ಆಗೇತಿ."

"ಹಂಗಾರ ಆ ಅರ್ಧಾ ನನಗ ಕಲಸು. ಉಳದದ್ದು ಇಬ್ಬರೂ ಕೂಡಿ ಕಲಿಯೂಣು."

ಕಲಿತರು. ಅನಸೂಯಾಳಿಗೆ ಪೂರ್ತಿ ಬರಲಿಲ್ಲ. ಆದರೆ ತರಕಾರಿಯವನು, ಆಟೊದವರು, ಔಷಧಿ ಅಂಗಡಿಯ ಹುಡುಗಿ ಇವರೆಲ್ಲರ ಬಾಯಿ ಅವಳ ವಶವಾಯಿತು. ಜೀವಿತಾ ಹತ್ತನೇ ತರಗತಿ ಮುಗಿಸಿ ಸೈನ್ಸ್ ತೆಗೆದುಕೊಂಡಳು. ಆರು ತಿಂಗಳಿಗೊಮ್ಮೆ ತಿರುವನಂತಪುರಕ್ಕೆ ಹೋಗಿ ಬಂದಳು. ಎಡಗಿವಿ ನಿಂತಲ್ಲೇ ನಿಂತಿತು. ಬಲಗಿವಿ ನಿಲ್ಲಲಿಲ್ಲ. ಹದಿನೇಳು ತುಂಬಿ ಸ್ವಲ್ಪ ದಿನಕ್ಕೆ, ಆ ಪಕ್ಕದಿಂದ ಸುಮಯ್ಯಾ ಪಿಸುಗುಟ್ಟಿದ್ದು ತನಗೆ ಕೇಳಿಸಲೇ ಇಲ್ಲವೆಂದು ತಿಳಿದ ದಿನ, ಬಾಗಿಲು ಹಾಕಿಕೊಂಡು ಇಡೀ ಸಂಜೆ ಅತ್ತಳು. ಮುಂದಿನ ವಾರ ನಿಶಾ ಮೇಡಂ ಬಲಗಿವಿಗೆ ಯಂತ್ರ ಕೂರಿಸಿದಳು.

ಅದನ್ನು ಹಾಕಿಕೊಂಡು ಮೊದಲ ಸಲ ಕಾಲೇಜಿಗೆ ಹೊರಟ ಬೆಳಗ್ಗೆ ಕಲೂರಿನ ಬಸ್‌ಸ್ಟ್ಯಾಂಡು ಅವಳ ಮೇಲೆ ಮುರಿದುಬಿದ್ದಂತಾಯಿತು. ಹಾರ್ನು, ಬ್ರೇಕು, ಕಂಡಕ್ಟರುಗಳ ಕೂಗು, ಯಾರದೋ ಚಪ್ಪಲಿ ಎಳೆಯುವ ಸದ್ದು, ಎಲ್ಲ ತಗಡಿನ ಮೇಲೆ ಬಡಿದ ಹಾಗೆ ಒಟ್ಟಿಗೇ ನುಗ್ಗಿತು. ಕಂಬಕ್ಕೆ ಒರಗಿ ಯಂತ್ರವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಹುಣಸೆಬೀಜದಷ್ಟಿತ್ತು. ಅವಳ ಬಸ್ಸು ಬಂದು ನಿಂತಿತು. ಜನ ಹತ್ತತೊಡಗಿದರು. ಜೀವಿತಾ ಒಮ್ಮೆ ಉಸಿರೆಳೆದುಕೊಂಡು ಅದನ್ನು ಕಿವಿಗೆ ಮತ್ತೆ ಕೂರಿಸಿ, ಆ ಗದ್ದಲದೊಳಗೇ ನುಗ್ಗಿ ಬಸ್ಸು ಹತ್ತಿದಳು.